ಕೇಳದೆ ಮಾತನಾಡುವ ಯಂತ್ರ: ವಿಂಡೋಸ್ 11, ಲಿನಕ್ಸ್ ಮಿಂಟ್ ಮತ್ತು ಮ್ಯಾಕ್ ಬಳಸಿ ನೋಡಿದ ಮೇಲೆ

ಮೈಕ್ರೋಸಾಫ್ಟ್ ದಾರಿ ತಪ್ಪುತ್ತಿದೆಯೇ ಎಂಬ ವಾದ ನನ್ನ ಗೆಳೆಯರ ನಡುವೆ ಎರಡು ವರ್ಷದಿಂದ ನಡೆಯುತ್ತಿದೆ. ಒಬ್ಬ ಲೆಕ್ಕ ಮುಂದಿಡುತ್ತಾನೆ: 2025ರ ಜೂನ್‌ಗೆ ಮುಗಿದ ಹಣಕಾಸು ವರ್ಷದಲ್ಲಿ ಕಂಪನಿಯ ವರಮಾನ 28,000 ಕೋಟಿ ಡಾಲರ್ ದಾಟಿದೆ, ನಿವ್ವಳ ಲಾಭ 10,000 ಕೋಟಿ ಡಾಲರ್ ಮೀರಿದೆ, ಇಂಥ ಕಂಪನಿ ದಾರಿ ತಪ್ಪಿದೆ ಎಂದರೆ ಯಾರು ನಂಬುತ್ತಾರೆ? ಇನ್ನೊಬ್ಬ ಏನೂ ಹೇಳದೆ ಲ್ಯಾಪ್‌ಟಾಪ್ ತೆರೆದು ವಿಂಡೋಸ್‌ನ ಸ್ಟಾರ್ಟ್ ಮೆನುವಿನಲ್ಲಿ ಬರುವ ಪ್ರಚಾರ ತೋರಿಸುತ್ತಾನೆ. ಒಬ್ಬನ ಕಣ್ಣು ಕಂಪನಿಯ ಮೇಲೆ, ಇನ್ನೊಬ್ಬನ ಕಣ್ಣು ವಿಂಡೋಸ್ ಮೇಲೆ. ಹಾಗಾಗಿ ವಾದ ಮುಂದೆ ಸಾಗುವುದೇ ಇಲ್ಲ.

ನನಗೆ ಬೇಕಿದ್ದುದು ವಿಂಡೋಸ್ ಬಗೆಗಿನ ಉತ್ತರ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅದರಲ್ಲೇ ಬರೆದಿದ್ದೇನೆ, ಅದರಲ್ಲೇ ಹೊಟ್ಟೆ ಹೊರೆದಿದ್ದೇನೆ. ಬೇರೆಯವರ ಮಾತು ಕೇಳಿ ಬಿಡುವುದಾಗಲಿ, ಅಭ್ಯಾಸಬಲದಿಂದ ಉಳಿಯುವುದಾಗಲಿ ಬೇಡವೆನಿಸಿತು. ಆದ್ದರಿಂದ ಕಂಪ್ಯೂಟರನ್ನು ನಡೆಸುವ ನಾಲ್ಕು ವ್ಯವಸ್ಥೆಗಳಲ್ಲಿ (ಆಪರೇಟಿಂಗ್ ಸಿಸ್ಟಮ್) ಒಂದೇ ಕೆಲಸ ಮಾಡಿ ನೋಡಿದೆ. ಮೂರು ವರ್ಷ ಹಳೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11, ಮೂಲೆ ಸೇರಿದ್ದ 2017ರ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆ, ತಂಗಿಯಿಂದ ಎರವಲು ಪಡೆದ ಎಂ1 ಚಿಪ್‌ನ ಮ್ಯಾಕ್‌ಬುಕ್ ಏರ್, ಒಂದು ವಾರದ ಮಟ್ಟಿಗೆ ಪೆನ್‌ಡ್ರೈವ್‌ನಿಂದ ಗೂಗಲ್‌ನ ಕ್ರೋಮ್‌ಓಎಸ್ ಫ್ಲೆಕ್ಸ್. ಕೆಲಸಗಳು ಇಷ್ಟು: ಅನುವಾದ, ಲೆಕ್ಕದ ಸ್ಪ್ರೆಡ್‌ಶೀಟ್, ಫೋಟೊಗಳ ಜೋಡಣೆ, ವಿಡಿಯೊ ಕರೆ. ಇದರ ಜೊತೆಗೆ, ದೃಷ್ಟಿ ಕುಂದಿರುವ ನನ್ನ ಅಪ್ಪ ಅದರಲ್ಲಿ ಓದಬಲ್ಲರೇ ಎಂಬುದನ್ನೂ ನೋಡಿದೆ. ಕೊನೆಗೆ ಈ ಒಂದು ವಿಷಯವೇ ಎಲ್ಲಕ್ಕಿಂತ ಹೆಚ್ಚು ತೂಗಿತು.

ವೇಗ, ಬ್ಯಾಟರಿ ಇತ್ಯಾದಿಗಳನ್ನು ಅಳೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಗಮನವಿಟ್ಟಿದ್ದು ಬೇರೆ: ನಾನು ಕೇಳದೆ ಇದ್ದಾಗ ಯಂತ್ರ ನನ್ನೊಡನೆ ಏನು ಮಾತನಾಡುತ್ತದೆ? ‘ಬೇಡ’ ಎಂದರೆ ಅದಕ್ಕೆ ಬೇಡವೆಂದೇ ಕೇಳಿಸುತ್ತದೆಯೇ?

ವಿಂಡೋಸ್ 11ರಿಂದಲೇ ಆರಂಭಿಸುತ್ತೇನೆ. ಅದರಲ್ಲಿ ಮೆಚ್ಚುವಂಥದ್ದು ನಾನು ಅಂದುಕೊಂಡಿದ್ದಕ್ಕಿಂತ ಹೆಚ್ಚಿದೆ. ವಿಂಡೋ ಹಿಗ್ಗಿಸುವ ಗುಂಡಿಯ ಮೇಲೆ ಮೌಸ್ ನಿಲ್ಲಿಸಿದರೆ ಪರದೆಯನ್ನು ಹೇಗೆ ಹಂಚಿಕೊಳ್ಳಬಹುದು ಎಂಬ ಚೌಕಗಳು ಮೂಡುತ್ತವೆ. ಮೂಲವನ್ನು ಎಡಕ್ಕೂ ಅನುವಾದವನ್ನು ಬಲಕ್ಕೂ ಇಟ್ಟುಕೊಂಡು ದಿನವಿಡೀ ಕೆಲಸ ಮಾಡುವ ನನಗೆ ಇದು ವರವೇ ಸರಿ. ವಿಂಡೋಸ್ ಕೀಲಿಯ ಜೊತೆ ‘ವಿ’ ಒತ್ತಿದರೆ ಇತ್ತೀಚೆಗೆ ನಕಲು ಮಾಡಿದ್ದು ಸಾಲಾಗಿ ಸಿಗುತ್ತದೆ. ಹದಿನೈದು ವರ್ಷ ಹಿಂದಿನ ಒಂದು ನಿಘಂಟಿನ ತಂತ್ರಾಂಶವನ್ನು ಹಾಕಿ ನೋಡಿದೆ, ಮಾತಿಲ್ಲದೆ ತೆರೆದುಕೊಂಡಿತು. ಹಳೆಯದನ್ನು ಮುರಿಯದೆ ಕಾಪಾಡುವ ಈ ಶ್ರದ್ಧೆ ಈ ಕಂಪನಿಯ ಬಹುದೊಡ್ಡ ಗುಣ. ಅದಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ ಎಂದೇ ನನ್ನ ಅನಿಸಿಕೆ.

ಹಳೆಯ ತಂತ್ರಾಂಶಕ್ಕೆ ತೋರಿದ ಈ ಶ್ರದ್ಧೆ ಹಳೆಯ ಯಂತ್ರಗಳಿಗೆ ಸಿಗಲಿಲ್ಲ. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದಾಗ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕಡ್ಡಾಯವಾಯಿತು. ಇಂಟೆಲ್‌ನಲ್ಲಿ ಬಹುಪಾಲು ಎಂಟನೇ ತಲೆಮಾರು ಮತ್ತು ಅದರ ನಂತರದ ಪ್ರೊಸೆಸರ್‌ಗಳಿಗೆ ಮಾತ್ರ ಅಧಿಕೃತ ಬೆಂಬಲ ಎಂದಾಯಿತು. ಭದ್ರತೆಯ ಕಾರಣ ಸುಳ್ಳಲ್ಲ. ಡಿಸ್ಕ್‌ನ ಗೂಢಲಿಪಿಯ ಕೀಲಿಯನ್ನು ಆ ಚಿಪ್‌ನಲ್ಲಿಡುವುದು ಒಳ್ಳೆಯದೇ. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಾಗ ಇನ್ನೂ ಗಟ್ಟಿಮುಟ್ಟಾಗಿದ್ದ ಅಸಂಖ್ಯ ಕಂಪ್ಯೂಟರ್‌ಗಳು ಹೊರಗುಳಿದವು. ಇನ್ನೊಂದು ವರ್ಷದ ಭದ್ರತಾ ಅಪ್‌ಡೇಟ್‌ಗೆ 30 ಡಾಲರ್ ಕೊಡಬೇಕು, ಇಲ್ಲವೇ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳನ್ನು ಅವರ ಕ್ಲೌಡ್‌ಗೆ ಬ್ಯಾಕಪ್ ಮಾಡಿದರೆ ಉಚಿತ. ಈ ಎರಡನೆಯ ಷರತ್ತನ್ನು ಗಮನಿಸಿ. ಎಲ್ಲ ದಾರಿಗಳೂ ಖಾತೆಯ ಬಾಗಿಲಿಗೇ ಬಂದು ಸೇರುತ್ತವೆ.

ಹೊಸ ಯಂತ್ರವನ್ನು ಮೊದಲ ಬಾರಿ ಸಜ್ಜುಗೊಳಿಸುವಾಗಲೂ ಅಷ್ಟೇ, ಇಂಟರ್ನೆಟ್ ಬೇಕು, ಖಾತೆ ಬೇಕು. ಇದನ್ನು ತಪ್ಪಿಸಲು ಬಳಕೆದಾರರು ಕಂಡುಕೊಂಡಿದ್ದ ಒಳದಾರಿಗಳನ್ನು ಕಂಪನಿ 2025ರಲ್ಲಿ ಪರೀಕ್ಷಾ ಆವೃತ್ತಿಗಳಿಂದ ಒಂದೊಂದಾಗಿ ತೆಗೆಯತೊಡಗಿತು. 2024ರ ಏಪ್ರಿಲ್‌ನಲ್ಲಿ ಸ್ಟಾರ್ಟ್ ಮೆನುವಿನ ಶಿಫಾರಸು ಭಾಗಕ್ಕೆ ಸ್ಟೋರ್‌ನ ಆ್ಯಪ್‌ಗಳ ಪ್ರಚಾರ ಬಂತು. ಪ್ರತಿಯೊಂದನ್ನೂ ನಿಲ್ಲಿಸಬಹುದು, ನಾನು ನಿಲ್ಲಿಸಿದ್ದೇನೆ: ಜಾಹೀರಾತಿನ ಗುರುತು, ಸಲಹೆಗಳು, ನಮ್ಮ ಬಳಕೆ ನೋಡಿ ಹೊಂದಿಸುವ ಕೊಡುಗೆಗಳು, ಲಾಕ್ ಪರದೆಯ ಸುಳಿವುಗಳು, ಫೋಲ್ಡರ್‌ಗಳನ್ನು ಕಂಪನಿಯ ಕ್ಲೌಡ್ ಸಂಗ್ರಹವಾದ ಒನ್‌ಡ್ರೈವ್‌ಗೆ ಸೇರಿಸುವ ಏರ್ಪಾಡು. ಈ ಸ್ವಿಚ್‌ಗಳು ಸೆಟ್ಟಿಂಗ್‌ನ ಬೇರೆ ಬೇರೆ ಕೋಣೆಗಳಲ್ಲಿ ಕೂತಿವೆ. ಹುಡುಕಿ ಆರಿಸಬಲ್ಲವರಿಗೆ ಇದು ಒಂದು ಗಂಟೆಯ ಕೆಲಸ. ಗೊತ್ತಿಲ್ಲದವರು ಅವು ಹೇಗಿವೆಯೋ ಹಾಗೆಯೇ ಬದುಕುತ್ತಾರೆ, ನನಗೆ ನೋವಾಗುವುದು ಅಲ್ಲೇ. ಕಂಪ್ಯೂಟರನ್ನು ಗೌರವದಿಂದ, ಸ್ವಲ್ಪ ಅಂಜಿಕೆಯಿಂದ ಮುಟ್ಟುವ ಹಿರಿಯರು ಪರದೆಯ ಮೇಲೆ ಬಂದದ್ದನ್ನೆಲ್ಲ ಯಂತ್ರದ ಆಜ್ಞೆಯೆಂದೇ ತಿಳಿಯುತ್ತಾರೆ.

ಮಿಂಟ್‌ನ ಅನುಭವ ಇದಕ್ಕೆ ತದ್ವಿರುದ್ಧ. ಪೆನ್‌ಡ್ರೈವ್‌ನಿಂದ ಮೊದಲು ಚಲಾಯಿಸಿ ನೋಡಿ, ವೈ-ಫೈ, ಧ್ವನಿ, ಕ್ಯಾಮೆರಾ ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಸ್ಥಾಪಿಸಿದೆ. ಅರ್ಧ ಗಂಟೆಯೊಳಗೆ ಮುಗಿಯಿತು. ಹೆಸರು ಮತ್ತು ಪಾಸ್‌ವರ್ಡ್ ಕೇಳಿತು, ಅವೆರಡೂ ಆ ಯಂತ್ರದಲ್ಲೇ ಉಳಿಯುವಂಥವು. ಮೊದಲ ಸಲ ತೆರೆದಾಗ ಒಂದು ಸ್ವಾಗತ ಕಿಟಕಿ ಬರುತ್ತದೆ. ಅದರ ಕೆಳಗೆ ‘ಪ್ರತಿ ಬಾರಿಯೂ ತೋರಿಸು’ ಎಂಬರ್ಥದ ಒಂದು ಗುರುತು ಇರುತ್ತದೆ. ಅದನ್ನು ತೆಗೆದೆ. ಆ ಕಿಟಕಿ ಮತ್ತೆ ಇಂದಿನವರೆಗೂ ಬಂದಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಮನಸ್ಸು ತುಂಬಿ ಬಂತು ಎಂದರೆ, ಈ ಸಣ್ಣ ಮರ್ಯಾದೆ ಎಷ್ಟು ಅಪರೂಪವಾಗಿಬಿಟ್ಟಿದೆ ನೋಡಿ.

ಅಪ್‌ಡೇಟ್ ಇದ್ದರೆ ಮೂಲೆಯ ಒಂದು ಗುರಾಣಿಯ ಮೇಲೆ ಚುಕ್ಕೆ ಮೂಡುತ್ತದೆ, ಅಷ್ಟೇ. ಯಾವಾಗ ಹಾಕಬೇಕೆಂಬುದು ನನಗೆ ಬಿಟ್ಟದ್ದು. ಹಾಕುವ ಮೊದಲು ಟೈಮ್‌ಶಿಫ್ಟ್ ಎಂಬ ಉಪಕರಣದಿಂದ ಇಡೀ ವ್ಯವಸ್ಥೆಯ ಒಂದು ಪ್ರತಿ ತೆಗೆದಿಟ್ಟರೆ, ಏನಾದರೂ ಕೆಟ್ಟಾಗ ಹಿಂದಿನ ಸ್ಥಿತಿಗೆ ಮರಳಬಹುದು. ಒಮ್ಮೆ ನಾನೇ ಏನೋ ತಿದ್ದಲು ಹೋಗಿ ಪರದೆ ಕಪ್ಪಾದಾಗ ಹಾಗೆ ಮರಳಿದ್ದೂ ಆಯಿತು. ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 24.04 ಆವೃತ್ತಿಯ ತಳಹದಿಯ ಮಿಂಟ್ 22ಕ್ಕೆ 2029ರವರೆಗೆ ಬೆಂಬಲವಿದೆ. ಕನ್ನಡ ಬರೆಯಲು ಐಬಸ್ ಎಂಬ ಟೈಪಿಂಗ್ ಉಪಕರಣದ ಮೂಲಕ ಇನ್‌ಸ್ಕ್ರಿಪ್ಟ್, ಕೆಜಿಪಿ ಎರಡೂ ಕೀಲಿಮಣೆ ವಿನ್ಯಾಸಗಳು ಸಿಕ್ಕವು.

ಅಡ್ಡಿಗಳನ್ನೂ ಹೇಳಲೇಬೇಕು. ನನ್ನ ಹಳೆಯ ಪ್ರಿಂಟರ್ ಮುದ್ರಿಸಿತು, ಸ್ಕ್ಯಾನ್ ಮಾಡಲಿಲ್ಲ. ಅದರ ತಯಾರಕರು ಆ ಮಾದರಿಗೆ ಲಿನಕ್ಸ್ ಡ್ರೈವರ್ ಕೊಟ್ಟಿಲ್ಲ. ಲ್ಯಾಪ್‌ಟಾಪಿನ ಬೆರಳಚ್ಚು ಓದುಗವೂ ಸತ್ತಂತೆ ಇತ್ತು. ಇವೆರಡನ್ನು ಸಹಿಸಬಹುದು, ಸ್ಪ್ರೆಡ್‌ಶೀಟ್‌ನದು ಹಾಗಲ್ಲ. ಮೈಕ್ರೋಸಾಫ್ಟ್ ಆಫೀಸ್ ಬದಲಿಗೆ ಸಿಗುವ ಉಚಿತ ಲಿಬ್ರೆಆಫೀಸ್ ಒಳ್ಳೆಯ ತಂತ್ರಾಂಶ, ಬರವಣಿಗೆಗೆ ನನಗೆ ಅದು ಸಾಕು. ಆದರೆ ಬೇರೆ ಬೇರೆ ಕಡೆಯ ದತ್ತಾಂಶ ತಂದು ಹೊಂದಿಸುವ ಎಕ್ಸೆಲ್‌ನ ಪವರ್ ಕ್ವೆರಿಗೆ ಸಮನಾದುದು ಅದರಲ್ಲಿಲ್ಲ, ಕೆಲಸವನ್ನು ತಾನಾಗಿ ನಡೆಸುವ ಮ್ಯಾಕ್ರೊಗಳು ಅರ್ಧ ನಡೆದು ಅರ್ಧ ನಿಲ್ಲುತ್ತವೆ. ಬೇರೆಯವರು ಕಳುಹಿಸಿದ ಕೋಷ್ಟಕ ತುಂಬಿದ ಕಡತಗಳ ಸಾಲುಗಳು ಪುಟದಿಂದ ಪುಟಕ್ಕೆ ಜಾರುತ್ತವೆ. ಕೆಲಸ ಕೊಟ್ಟವರಿಗೆ ‘ನಾನು ಬೇರೆ ತಂತ್ರಾಂಶ ಬಳಸುತ್ತೇನೆ’ ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಆಟ ಆಡುವವರಿಗೆ ಒಂದು ಮಾತು: ವಾಲ್ವ್ ಕಂಪನಿಯ ಪ್ರೋಟಾನ್‌ನಿಂದಾಗಿ ವಿಂಡೋಸ್‌ನ ಬಹಳಷ್ಟು ಆಟಗಳು ಈಗ ಲಿನಕ್ಸ್‌ನಲ್ಲಿ ನಡೆಯುತ್ತವೆ. ಮೋಸ ತಡೆಯುವ ತಂತ್ರಾಂಶವನ್ನು ವ್ಯವಸ್ಥೆಯ ತಿರುಳಾದ ಕರ್ನಲ್‌ನೊಳಗೇ ಕೂರಿಸುವ ಆನ್‌ಲೈನ್ ಆಟಗಳಲ್ಲಿ ಹಲವು ನಡೆಯುವುದಿಲ್ಲ.

ಮ್ಯಾಕ್ ಬಗ್ಗೆ ಹೆಚ್ಚು ಬರೆಯಲಾರೆ, ಏಕೆಂದರೆ ಅದರ ಹೊಗಳಿಕೆ ಎಲ್ಲರಿಗೂ ಗೊತ್ತು, ಅದರಲ್ಲಿ ಬಹುಪಾಲು ನಿಜ. 2020ರ ನವೆಂಬರ್‌ನಲ್ಲಿ ಬಂದ ಎಂ1 ಇಂದಿಗೂ ನನ್ನ ಕೆಲಸಕ್ಕೆ ಸಾಕಾಗಿ ಮಿಗುತ್ತದೆ. ಫ್ಯಾನ್ ಇಲ್ಲದ ಯಂತ್ರದ ಮೌನದಲ್ಲಿ ಬರೆಯುವ ಸುಖವೇ ಬೇರೆ. ಅಲ್ಲೂ ಕಂಪನಿಯ ಖಾತೆಯ ಸೆಳೆತ ಇದೆ, ಆದರೆ ಖಾತೆ ಬೇಡವೆಂದು ಮುಂದೆ ಹೋಗುವ ಆಯ್ಕೆಯನ್ನು ಸಿದ್ಧತೆಯ ಪರದೆಯಲ್ಲೇ ಇಟ್ಟಿದ್ದಾರೆ. ಆದರೆ ರ‍್ಯಾಮ್ ಮತ್ತು ಸಂಗ್ರಹವನ್ನು ಬೆಸೆದುಬಿಟ್ಟಿರುವ ಯಂತ್ರದಲ್ಲಿ ಕೊಳ್ಳುವ ದಿನವೇ ಮುಂದಿನ ಏಳು ವರ್ಷದ ಅಗತ್ಯವನ್ನು ಊಹಿಸಬೇಕು. ಹಳೆಯ ಯಂತ್ರಗಳ ವಿಷಯದಲ್ಲಿ ಆಪಲ್ ಇನ್ನೂ ನಿಷ್ಠುರ: 2025ರ ಮ್ಯಾಕ್‌ಓಎಸ್ ಟಾಹೋ 2020ರ ಇಂಟೆಲ್ ಮ್ಯಾಕ್‌ಬುಕ್ ಏರ್‌ಗೆ ಸಿಗಲಿಲ್ಲ. ವಿಂಡೋಸ್ 11ರ ಮೇಲೆ ಸಿಟ್ಟಾಗುವವರು ಇದನ್ನೂ ನೆನಪಿಡುವುದು ನ್ಯಾಯ.

ಕ್ರೋಮ್‌ಓಎಸ್ ಫ್ಲೆಕ್ಸ್ ಹಳೆಯ ಯಂತ್ರಕ್ಕೆ ಜೀವ ಕೊಡುತ್ತದೆ, ನಿಜ. ಬ್ರೌಸರ್ ಬಿಟ್ಟು ಬೇರೇನೂ ಬೇಡದವರಿಗೆ ಸರಿ. ಆಂಡ್ರಾಯ್ಡ್ ಆ್ಯಪ್‌ಗಳು ಅದರಲ್ಲಿ ಬರುವುದಿಲ್ಲ, ಮತ್ತು ಒಂದು ಕಂಪನಿಯ ಖಾತೆಯಿಂದ ಹೊರಬರಲು ಇನ್ನೊಂದು ಕಂಪನಿಯ ಖಾತೆಯೊಳಗೆ ಹೋಗುವುದರಲ್ಲಿ ನನಗೆ ಆಸಕ್ತಿ ಇರಲಿಲ್ಲ. ವಾರದ ನಂತರ ಬಿಟ್ಟೆ.

ಇನ್ನು ಅಪ್ಪನ ವಿಷಯ. ಅವರು ವಿಂಡೋಸ್‌ನಲ್ಲಿ ಎನ್‌ವಿಡಿಎ ಬಳಸುತ್ತಾರೆ. ಪರದೆಯನ್ನು ಓದಿ ಹೇಳುವ ಈ ಉಚಿತ ತಂತ್ರಾಂಶ 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾಯಿತು. ಆರಂಭಿಸಿದವರು ಸ್ವತಃ ದೃಷ್ಟಿಯಿಲ್ಲದವರು. ಅದು ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ, ಕನ್ನಡವನ್ನೂ ಓದುತ್ತದೆ. ಧ್ವನಿ ಸ್ವಲ್ಪ ಯಾಂತ್ರಿಕ, ಆದರೆ ಅಪ್ಪನ ಕಿವಿ ಅದಕ್ಕೆ ಒಗ್ಗಿದೆ. ಪತ್ರಿಕೆಯ ಲೇಖನಗಳನ್ನು ನಮಗಿಂತ ಮೊದಲು ಅವರು ಕೇಳಿ ಮುಗಿಸಿರುತ್ತಾರೆ. ವಿಂಡೋಸ್ ಕೀಲಿ ಮತ್ತು ಕೂಡು ಚಿಹ್ನೆ ಒತ್ತಿದರೆ ಬರುವ ಹಿಗ್ಗಿಸುವ ಮಸೂರ ಬೇರೆ. ಮಿಂಟ್‌ನಲ್ಲಿ ಓರ್ಕಾ ಎಂಬ ಪರದೆ ಓದುಗವಿದೆ, ಅದನ್ನು ಎರಡು ವಾರ ಒಟ್ಟಿಗೆ ಕುಳಿತು ಪ್ರಯತ್ನಿಸಿದೆವು. ಬ್ರೌಸರ್‌ನಲ್ಲಿ ಪರವಾಗಿಲ್ಲ. ಬೇರೆ ಕೆಲವು ಕಿಟಕಿಗಳಲ್ಲಿ ಏನೂ ಹೇಳದೆ ಸುಮ್ಮನಾಗಿಬಿಡುತ್ತಿತ್ತು. ಸುಮ್ಮನಿರುವ ಯಂತ್ರವನ್ನು ಹುಡುಕಿ ಹೊರಟ ನನಗೆ, ಅಪ್ಪನಿಗೆ ಬೇಕಿರುವುದು ಸರಿಯಾದ ಹೊತ್ತಿಗೆ ಮಾತನಾಡುವ ಯಂತ್ರ ಎಂಬುದು ಅಲ್ಲಿ ಅರ್ಥವಾಯಿತು. “ನನಗೆ ಹಳೆಯದೇ ಇರಲಿ ಮಗು” ಎಂದರು. ನಾನು ಒತ್ತಾಯಿಸಲಿಲ್ಲ.

ಈ ತಿಂಗಳುಗಳ ನಂತರ ಗೆಳೆಯರ ವಾದಕ್ಕೆ ನನ್ನ ಉತ್ತರ ಹೀಗಿದೆ. ಮೈಕ್ರೋಸಾಫ್ಟ್ ಎಂಬ ಕಂಪನಿ ದಾರಿ ತಪ್ಪಿಲ್ಲ, ಅದು ತಾನು ಹೋಗಬೇಕೆಂದಿರುವ ಕಡೆಗೇ ಹೋಗುತ್ತಿದೆ. ಅಝುರ್ ಎಂಬ ಕ್ಲೌಡ್ ಸೇವೆಯೊಂದರಿಂದಲೇ 2025ರ ಆ ಹಣಕಾಸು ವರ್ಷದಲ್ಲಿ 7,500 ಕೋಟಿ ಡಾಲರ್‌ಗೂ ಹೆಚ್ಚು ಬಂದಿದೆ. ಒಂದು ಕಾಲದಲ್ಲಿ ವಿಂಡೋಸ್ ತಾನೇ ಮಾರಾಟದ ವಸ್ತುವಾಗಿತ್ತು, ನಾವು ಅದರ ಗಿರಾಕಿಗಳಾಗಿದ್ದೆವು. ಈಗ ಅದು ಚಂದಾಗಳಿಗೆ, ಕ್ಲೌಡ್‌ಗೆ, ಕೋಪೈಲಟ್ ಎಂಬ ಎಐ ಸಹಾಯಕನ ಬಳಿಗೆ ಕರೆದೊಯ್ಯುವ ಹಜಾರ. ಹಜಾರವನ್ನು ಕಟ್ಟುವವರ ಗಮನ ಮುಂದಿನ ಬಾಗಿಲುಗಳ ಮೇಲಿರುತ್ತದೆ, ಹಜಾರದಲ್ಲೇ ಮೇಜು ಹಾಕಿಕೊಂಡು ಕೂತವರ ಮೇಲಲ್ಲ. 2024ರ ಆರಂಭದಲ್ಲಿ ಕೀಲಿಮಣೆಗೇ ಕೋಪೈಲಟ್ ಕೀಲಿ ಬಂದದ್ದು ಇದೇ ಕಾರಣಕ್ಕೆ. ಆಫೀಸ್ ತಂತ್ರಾಂಶಗಳ ಚಂದಾ ಯೋಜನೆಯಾದ ಮೈಕ್ರೋಸಾಫ್ಟ್ 365ಕ್ಕೆ ಕೋಪೈಲಟ್ ಸೇರಿಸಿ ದರ ಏರಿಸಿದಾಗ, ಕೋಪೈಲಟ್ ಇಲ್ಲದ ಅಗ್ಗದ ಯೋಜನೆಯೂ ಇದೆ ಎಂಬುದನ್ನು ಸುಮಾರು 27 ಲಕ್ಷ ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಲಿಲ್ಲ ಎಂದು ಆಸ್ಟ್ರೇಲಿಯಾದ ಗ್ರಾಹಕ ಆಯೋಗ 2025ರ ಅಕ್ಟೋಬರ್‌ನಲ್ಲಿ ಮೊಕದ್ದಮೆ ಹೂಡಿತು. ಕಂಪನಿ ನಂತರ ಕ್ಷಮೆ ಕೇಳಿತು.

ಆಶೆ ಬಿಡಬೇಕೇ? ನಾನು ಬಿಟ್ಟಿಲ್ಲ. 2012ರಲ್ಲಿ ವಿಂಡೋಸ್ 8 ಸ್ಟಾರ್ಟ್ ಗುಂಡಿಯನ್ನೇ ತೆಗೆದಿತ್ತು. ಜನ ಒಪ್ಪಲಿಲ್ಲ, ಮರುವರ್ಷ ಗುಂಡಿ ಬಂತು, 2015ರಲ್ಲಿ ಮೆನುವೇ ಮರಳಿತು. ಪರದೆಯ ಚಿತ್ರಗಳನ್ನು ಆಗಾಗ ತೆಗೆದಿಟ್ಟುಕೊಳ್ಳುವ ರೀಕಾಲ್ ಸೌಲಭ್ಯವನ್ನು 2024ರ ಮೇ ತಿಂಗಳಲ್ಲಿ ಘೋಷಿಸಿದಾಗ ಭದ್ರತಾ ಪರಿಣತರು ಅದರ ಬಿರುಕುಗಳನ್ನು ತೋರಿಸಿದರು. ಬಿಡುಗಡೆ ಮುಂದೆ ಹೋಯಿತು, ಬಳಕೆದಾರರೇ ಬೇಕೆಂದು ಆರಿಸಿಕೊಂಡರೆ ಮಾತ್ರ ಚಾಲೂ ಆಗುವಂತೆ ಬದಲಾಗಿ 2025ರ ಏಪ್ರಿಲ್‌ನಲ್ಲಿ ಬಂತು. ಕಿವಿ ಪೂರ್ತಿ ಮುಚ್ಚಿಲ್ಲ. ಆದರೆ ಕೇಳಿಸಬೇಕಾದರೆ ಜಗತ್ತೇ ಕೂಗಬೇಕು. ಒಬ್ಬ ಬಳಕೆದಾರ ಒಮ್ಮೆ ಒತ್ತಿದ ‘ಬೇಡ’ ಸಾಲುವುದಿಲ್ಲ.

ಈಗ ನನ್ನ ಬರವಣಿಗೆಯೆಲ್ಲ 2017ರ ಲ್ಯಾಪ್‌ಟಾಪಿನಲ್ಲಿ, ಮಿಂಟ್‌ನಲ್ಲಿ. ಈ ಲೇಖನವನ್ನೂ ಅದರಲ್ಲೇ ಬರೆದೆ. ಎಕ್ಸೆಲ್ ಬೇಕಾದ ದಿನ ವಿಂಡೋಸ್ 11 ತೆರೆಯುತ್ತೇನೆ. ಮ್ಯಾಕ್ ತಂಗಿಗೆ ಮರಳಿದೆ. ಅಪ್ಪನ ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ 10 ಇದೆ, ಹೆಚ್ಚುವರಿ ವರ್ಷದ ಅಪ್‌ಡೇಟ್‌ಗೆ ಸೇರಿಸಿದ್ದೇನೆ. ಆ ಗಡುವು 2026ರ ಅಕ್ಟೋಬರ್ 13. ಅದಕ್ಕೆ ಮೊದಲು ಅವರಿಗೊಂದು ವಿಂಡೋಸ್ 11 ಯಂತ್ರ ತರಬೇಕು. ತಂದ ದಿನ, ಅವರ ಕೈಗೆ ಕೊಡುವ ಮುನ್ನ, ಆ ಸ್ವಿಚ್‌ಗಳನ್ನೆಲ್ಲ ಒಂದೊಂದಾಗಿ ನಾನೇ ಆರಿಸಿ ಕೊಡುತ್ತೇನೆ.