ಗೂಗಲ್ ಸೈಟ್ಸ್‌ನಲ್ಲಿ ನಮ್ಮ ಶಾಲೆಯ ವೆಬ್‌ಸೈಟ್: ಮೂರು ವರ್ಷ ಬಳಸಿದ ಮೇಲೆ

ನಾನು ಶಿವಮೊಗ್ಗ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ನಮ್ಮಲ್ಲಿ ಒಂದರಿಂದ ಎಂಟನೇ ತರಗತಿವರೆಗೆ ಇದೆ. 2022ರ ಜೂನ್‌ನಲ್ಲಿ, ವೆಬ್‌ಸೈಟ್ ಕಟ್ಟಲು ಗೂಗಲ್ ಕೊಡುವ ಗೂಗಲ್ ಸೈಟ್ಸ್ ಎಂಬ ಸಾಧನ ಬಳಸಿ ಶಾಲೆಗೆ ವೆಬ್‌ಸೈಟ್ ಮಾಡಿದೆವು. ಆಮೇಲೆ ಮೂರು ಶೈಕ್ಷಣಿಕ ವರ್ಷ ಕಳೆದಿವೆ. ಸೈಟ್ ಇನ್ನೂ ನಡೀತಾ ಇದೆ. ಬೇರೆ ಶಾಲೆಯ ಶಿಕ್ಷಕರು ಆಗಾಗ ಕೇಳುತ್ತಾರೆ, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ನಮ್ಮ ಶಾಲೆಗೆ ಒಂದು ವೆಬ್‌ಸೈಟ್ ಇತ್ತು. ಹಳೆ ವಿದ್ಯಾರ್ಥಿಗಳು ದುಡ್ಡು ಸೇರಿಸಿ ಹೊರಗಿನವರಿಂದ ಮಾಡಿಸಿದ್ದರು. ನೋಡೋಕೆ ಚೆನ್ನಾಗಿತ್ತು. ಮೇಲೆ ಓಡುವ ಅಕ್ಷರ, ತಿರುಗುವ ಚಿತ್ರ ಎಲ್ಲ ಇತ್ತು. ಆದರೆ ಒಂದು ಫೋನ್ ನಂಬರ್ ಬದಲಿಸಬೇಕಾದರೂ ಅವರಿಗೇ ಹೇಳಬೇಕಿತ್ತು. ಹೇಳಿದ ಮೇಲೆ ಹದಿನೈದು ದಿನ ಕಾಯಬೇಕಿತ್ತು. ಎರಡನೇ ವರ್ಷ ಡೊಮೈನ್ (ಸೈಟಿನ ಸ್ವಂತ ವಿಳಾಸ) ನವೀಕರಿಸಲು ಯಾರೂ ಹಣ ಕಟ್ಟಲಿಲ್ಲ. ಪ್ರತಿ ವರ್ಷ ಕಟ್ಟಬೇಕು ಅನ್ನೋದೇ ನಮಗೆ ಗೊತ್ತಿರಲಿಲ್ಲ. ಒಂದು ದಿನ ಸೈಟ್ ತೆರೆಯಲೇ ಇಲ್ಲ. ಅದರಲ್ಲಿದ್ದ ಶಾಲಾ ವಾರ್ಷಿಕೋತ್ಸವದ ಚಿತ್ರಗಳಿಗೆ ಬೇರೆ ಪ್ರತಿ ಇರಲಿಲ್ಲ. ಅವೂ ಹೋದವು. ಆ ಬೇಸರ ನನಗೆ ಇವತ್ತಿಗೂ ಇದೆ.

ಹಾಗಾಗಿ ಈ ಸಲ ನಮ್ಮದು ಒಂದೇ ಹಟ. ಪಾಠ ಮಾಡುವವರ ಕೈಯಲ್ಲೇ ಅದನ್ನು ತಿದ್ದಲು ಆಗಬೇಕು. ಗೂಗಲ್ ಸೈಟ್ಸ್ ಆರಿಸಿಕೊಂಡಿದ್ದು ಇದಕ್ಕೇ. ಮೂರು ವರ್ಷದ ನಂತರವೂ ನಾನು ಅದನ್ನು ಇದೇ ಒಂದು ಕಾರಣಕ್ಕೆ ಮೆಚ್ಚುತ್ತೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಇದರ ಮೊದಲ ರೂಪ ಬಂದಿದ್ದು 2008ರಲ್ಲಿ. ಈಗ ನಾವು ಬಳಸುತ್ತಿರುವ ಹೊಸ ರೂಪ 2016ರದು. ಒಂದು ಜಿಮೇಲ್ ಖಾತೆ ಇದ್ದರೆ ಸಾಕು, ಹಣ ಕಟ್ಟಬೇಕಿಲ್ಲ. ಹೋಸ್ಟಿಂಗ್, ಅಂದರೆ ಸೈಟ್ ಇಡುವ ಜಾಗ, ಬೇರೆ ಕೊಳ್ಳಬೇಕಿಲ್ಲ. ಪಠ್ಯದ ಡಬ್ಬಿ, ಚಿತ್ರ, ನಕ್ಷೆ, ಯೂಟ್ಯೂಬ್ ವಿಡಿಯೋ, ಗೂಗಲ್ ಫಾರ್ಮ್, ಕ್ಯಾಲೆಂಡರ್ ಇವನ್ನೆಲ್ಲ ಎಳೆದು ಕೂರಿಸಿದರೆ ಪುಟ ಆಗುತ್ತದೆ. ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಮಾಡಲು ಬರುವ ಶಿಕ್ಷಕರು ಒಂದು ಮಧ್ಯಾಹ್ನದಲ್ಲಿ ಕಲಿಯುತ್ತಾರೆ. ಸ್ವಂತ ಡೊಮೈನ್ ಇದ್ದರೆ ಜೋಡಿಸಬಹುದು. ನಾವು ಜೋಡಿಸಲಿಲ್ಲ. ಗೂಗಲ್ ಕೊಡುವ ಉದ್ದನೆಯ ವಿಳಾಸವೇ ಸಾಕು ಅಂದುಕೊಂಡೆವು. ನವೀಕರಣ ಮರೆತು ಮತ್ತೆ ಎಲ್ಲ ಕಳೆದುಕೊಳ್ಳುವ ಭಯ ಇಲ್ಲ, ಅಲ್ವಾ?

ಸೈಟ್ಸ್ ತೆರೆಯುವುದಕ್ಕಿಂತ ಮೊದಲು ಒಂದು ವಾರ ಬರೀ ಬರೆದುಕೊಂಡೆವು. ಅದು ಕಲಿಕಾ ಚೇತರಿಕೆಯ ವರ್ಷ (ಕೋವಿಡ್‌ನಲ್ಲಿ ತಪ್ಪಿದ ಕಲಿಕೆ ತುಂಬಿಕೊಡಲು ಇಟ್ಟ ವರ್ಷ), ಮೇ ಮಧ್ಯದಲ್ಲೇ ಶಾಲೆ ಶುರುವಾಗಿತ್ತು. ದಾಖಲಾತಿಯ ಓಡಾಟ ಜೋರಾಗಿತ್ತು. ಸ್ಟಾಫ್ ರೂಮಿನ ಗೋಡೆಗೆ ಒಂದು ಡ್ರಾಯಿಂಗ್ ಶೀಟ್ ಅಂಟಿಸಿದೆವು. ಶಾಲೆಗೆ ಫೋನ್ ಮಾಡಿದವರು, ಗೇಟಿನ ಹತ್ತಿರ ನಿಂತು ಮಾತಾಡಿದವರು ಏನು ಕೇಳಿದರು ಅನ್ನೋದನ್ನು ಯಾರ ಕಿವಿಗೆ ಬಿದ್ದರೂ ಅಲ್ಲಿ ಬರೆಯಬೇಕು. ಒಂದನೇ ತರಗತಿಗೆ ಎಷ್ಟು ವಯಸ್ಸು ತುಂಬಿರಬೇಕು? ಮಗುವಿಗೆ ಆಧಾರ್ ಇನ್ನೂ ಮಾಡಿಸಿಲ್ಲ, ಸೇರಿಸಿಕೊಳ್ತೀರಾ? ಶನಿವಾರ ಎಷ್ಟು ಗಂಟೆಗೆ ಬಿಡ್ತೀರಿ? ಇವತ್ತು ಮಳೆ ರಜೆ ಕೊಟ್ಟಿದ್ದಾರಾ? ಟಿಸಿ ಯಾವಾಗ ಸಿಗತ್ತೆ? ವಾರದ ಕೊನೆಗೆ ಹಾಳೆ ತುಂಬಿತು. ಶಾಲೆಯ ಧ್ಯೇಯ ಏನು, ಗುರಿ ಏನು ಅಂತ ಒಬ್ಬರೂ ಕೇಳಿರಲಿಲ್ಲ. ಆ ಹಾಳೆಯೇ ನಮ್ಮ ಸೈಟಿನ ನಕ್ಷೆ ಆಯಿತು. ಮುಖಪುಟದ ಮೊದಲ ಸಾಲಿನಲ್ಲೇ ದಾಖಲಾತಿ, ಸೂಚನೆ, ಪ್ರಮಾಣ ಪತ್ರ ಮೂರು ಬಟನ್ ಇಟ್ಟೆವು. ಮುಖ್ಯ ಶಿಕ್ಷಕರ ಸಂದೇಶವನ್ನು ಅವರೇ ಕೊನೆಯ ಪುಟಕ್ಕೆ ಕಳಿಸಿದರು. ಅವರ ಆ ನಿರ್ಧಾರಕ್ಕೆ ನನಗೆ ತುಂಬಾ ಗೌರವ ಇದೆ.

ಕಟ್ಟುವಾಗ ಮೊದಲು ತಲೆನೋವಾಗಿದ್ದು ಕನ್ನಡ. ನಮ್ಮ ಶಾಲೆಯ ಹಳೆಯ ಕಡತಗಳೆಲ್ಲ ನುಡಿ ತಂತ್ರಾಂಶದ ಹಳೆ ಅಕ್ಷರ ವಿನ್ಯಾಸದಲ್ಲಿ ಟೈಪ್ ಆಗಿದ್ದವು. ಅದನ್ನು ಕಾಪಿ ಮಾಡಿ ಸೈಟಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬಂದು ಬೀಳುತ್ತದೆ. ಯಾಕೆಂದರೆ ಆ ಫಾಂಟಿನಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಡೆ ಒಳಗಿನ ಇಂಗ್ಲಿಷ್ ಹೊರಗೆ ಕಾಣುತ್ತದೆ. ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ನಾವು ಎಲ್ಲವನ್ನೂ ಹಾಗೆ ಬದಲಿಸಿದೆವು. ಆಮೇಲೂ ಒತ್ತಕ್ಷರ, ಅರ್ಕಾವತ್ತುಗಳನ್ನು ಕೂತು ಓದಿ ತಿದ್ದಬೇಕಾಯಿತು. ಇದು ಬೇಸರದ ಕೆಲಸ ನಿಜ. ಆದರೆ ಸುತ್ತೋಲೆಯ ಫೋಟೋ ತೆಗೆದು ಹಾಕಿಬಿಡೋಣ ಅನ್ನುವ ಆಸೆಗೆ ದಯವಿಟ್ಟು ಬೀಳಬೇಡಿ. ಫೋಟೋದೊಳಗಿನ ಅಕ್ಷರಗಳನ್ನು ನಂಬಿಕೊಂಡು ಹುಡುಕಲು ಆಗುವುದಿಲ್ಲ. ಕಣ್ಣು ಕಾಣದವರ ಫೋನ್ ಅದನ್ನು ಸರಿಯಾಗಿ ಓದಿ ಹೇಳುವ ಭರವಸೆ ಇಲ್ಲ. ನಮ್ಮ ಹಳೆ ವಿದ್ಯಾರ್ಥಿಯೊಬ್ಬರು ಟಾಕ್‌ಬ್ಯಾಕ್ (ಪರದೆಯ ಮೇಲಿರುವುದನ್ನು ಓದಿ ಹೇಳುವ ಫೋನ್ ಸೌಲಭ್ಯ) ಹಾಕಿಕೊಂಡು ಸೈಟ್ ಕೇಳುತ್ತಾರೆ. ಅವರು ಹೇಳಿದ ಮೇಲೆಯೇ ನಾವು ಪ್ರತಿ ಚಿತ್ರಕ್ಕೂ ಆಲ್ಟ್ ಟೆಕ್ಸ್ಟ್ (ಚಿತ್ರದಲ್ಲಿ ಏನಿದೆ ಅಂತ ಹೇಳುವ ಸಾಲು) ಬರೆಯಲು ಶುರು ಮಾಡಿದ್ದು. ಚಿತ್ರದ ಮೇಲೆ ಒತ್ತಿ ಮೂರು ಚುಕ್ಕಿಯ ಮೆನು ತೆರೆದರೆ ಆ ಸೌಲಭ್ಯ ಸಿಗುತ್ತದೆ.

ಪುಟದ ಹೆಸರನ್ನು ಕನ್ನಡದಲ್ಲಿ ಇಟ್ಟಾಗ ಇನ್ನೊಂದು ಸಂಗತಿ ಗೊತ್ತಾಯಿತು. ಆ ಹೆಸರೇ ವೆಬ್ ವಿಳಾಸಕ್ಕೂ ಹೋಗುತ್ತದೆ. ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದರೆ ಶೇಕಡಾ ಗುರುತುಗಳ ಉದ್ದನೆಯ ಸಾಲು ಕಂಡಿತು. ಕನ್ನಡದ ಒಂದು ಅಕ್ಷರ ಚಿಹ್ನೆಗೆ ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಕ್ರಮದಲ್ಲಿ 3 ಬೈಟ್ ಬೇಕು. ವಿಳಾಸದಲ್ಲಿ ಒಂದೊಂದು ಬೈಟೂ 3 ಗುರುತುಗಳಾಗಿ ಹಿಗ್ಗುತ್ತದೆ. ಅಂದರೆ ಒಂದು ಚಿಹ್ನೆಗೆ 9 ಗುರುತು. ಅದನ್ನು ನೋಡಿ ಕೆಲವು ಪೋಷಕರು ಮೋಸದ ಲಿಂಕ್ ಇರಬಹುದು ಅಂತ ಒತ್ತಲೇ ಇಲ್ಲ. ಅವರ ಹೆದರಿಕೆ ಸರಿಯಾದದ್ದೇ. ಪುಟದ ಪ್ರಾಪರ್ಟೀಸ್‌ನಲ್ಲಿ ಅಡ್ವಾನ್ಸ್ಡ್ ಅಂತ ಇದೆ. ಅಲ್ಲಿ ಕಸ್ಟಮ್ ಪಾಥ್ ಜಾಗದಲ್ಲಿ ಚಿಕ್ಕ ಇಂಗ್ಲಿಷ್ ಪದ ಕೊಟ್ಟರೆ ವಿಳಾಸ ಚಿಕ್ಕದಾಗುತ್ತದೆ. ಪುಟದ ಹೆಸರು ಕನ್ನಡದಲ್ಲೇ ಉಳಿಯುತ್ತದೆ. ಇದನ್ನು ಲಿಂಕ್ ಹಂಚುವ ಮೊದಲೇ ಮಾಡಿ. ಆಮೇಲೆ ಬದಲಿಸಿದರೆ ಹಂಚಿದ ಹಳೆಯ ಲಿಂಕ್ ಕೆಲಸ ಮಾಡುವುದಿಲ್ಲ.

ಫೈಲ್ ಇಡುವ ಗೂಗಲ್ ಡ್ರೈವ್‌ನಲ್ಲಿರುವ ಅರ್ಜಿ ನಮೂನೆಗಳನ್ನು ಪುಟದಲ್ಲಿ ಕೂರಿಸುವಾಗ ನಾನೇ ಒಂದು ತಪ್ಪು ಮಾಡಿದೆ. ಸೈಟ್ ಎಲ್ಲರಿಗೂ ತೆರೆದಿದ್ದರೆ ಫೈಲೂ ತೆರೆದಿರುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಎರಡಕ್ಕೂ ಅನುಮತಿ ಬೇರೆ ಬೇರೆ. ನನ್ನ ಕಂಪ್ಯೂಟರಿನಲ್ಲಿ ನಾನೇ ಲಾಗಿನ್ ಆಗಿದ್ದರಿಂದ ಎಲ್ಲ ಸರಿ ಕಾಣುತ್ತಿತ್ತು. ಪೋಷಕರಿಗೆ ಮಾತ್ರ ಅನುಮತಿ ಕೇಳಿ ಅಂತ ಬರುತ್ತಿತ್ತು. ಈಗ ಏನೇ ಹಾಕಿದರೂ ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಅಂದರೆ ಲಾಗಿನ್ ಆಗದೆ, ತೆರೆದು ನೋಡುತ್ತೇವೆ.

ಗೂಗಲ್ ಸೈಟ್ಸ್‌ನ ದೊಡ್ಡ ಕೊರತೆ ನನ್ನ ಪ್ರಕಾರ ಎರಡು. ಪುಟ ತಿದ್ದಲು ಕಂಪ್ಯೂಟರ್ ಬೇಕು, ಅದಕ್ಕೆ ಫೋನ್ ಆ್ಯಪ್ ಇಲ್ಲ. ದಿನಾಂಕದ ಪ್ರಕಾರ ಸುದ್ದಿ ಹಾಕುತ್ತಾ ಹೋಗುವ ಬ್ಲಾಗ್ ತರಹದ ವ್ಯವಸ್ಥೆಯೂ ಇಲ್ಲ. ಶಾಲೆಗೆ ಇದು ಸಣ್ಣ ಕೊರತೆ ಅಲ್ಲ. ಮಲೆನಾಡಿನಲ್ಲಿ ಜುಲೈ ಬಂತೆಂದರೆ ಮಳೆ ರಜೆ ಹಿಂದಿನ ರಾತ್ರಿಯೋ ಬೆಳಿಗ್ಗೆಯೋ ಘೋಷಣೆ ಆಗುತ್ತದೆ. ಆ ಹೊತ್ತಿಗೆ ಕಂಪ್ಯೂಟರ್ ಹತ್ತಿರ ಯಾರಿರುತ್ತಾರೆ? ಅದರ ಜೊತೆಗೆ ಹೋದ ವರ್ಷದ ರಜೆ ಆದೇಶವೇ ವಾಟ್ಸಾಪ್‌ನಲ್ಲಿ ಮತ್ತೆ ಓಡಾಡುತ್ತದೆ. ಮಕ್ಕಳು ಮನೆಯಲ್ಲೇ ಉಳಿದುಬಿಡುತ್ತಾರೆ.

ಇದಕ್ಕೆ ನಾವು ಕಂಡುಕೊಂಡ ದಾರಿ ಒಂದಿದೆ. ಸೂಚನಾ ಫಲಕದ ಪುಟದಲ್ಲಿ ಒಂದು ಗೂಗಲ್ ಡಾಕ್ ಕೂರಿಸಿದ್ದೇವೆ. ಆ ಡಾಕನ್ನು ಫೋನಿನಲ್ಲೇ ತಿದ್ದಬಹುದು. ಮುಖ್ಯ ಶಿಕ್ಷಕರು ಮನೆಯಿಂದಲೇ ಕನ್ನಡದಲ್ಲಿ ಮಾತಾಡಿ ಎರಡು ಸಾಲು ಬರೆಸುತ್ತಾರೆ, ಮೇಲೆ ದಿನಾಂಕ ಹಾಕುತ್ತಾರೆ. ಸೈಟನ್ನು ಮತ್ತೆ ಪಬ್ಲಿಷ್ ಮಾಡುವುದೇ ಬೇಡ. ಪುಟ ತೆರೆದವರಿಗೆ ಹೊಸ ಸೂಚನೆ ಕಾಣುತ್ತದೆ. ಫೋನಿನಲ್ಲಿ ಆ ಚೌಕಟ್ಟಿನ ಅಕ್ಷರ ಸಣ್ಣದಾಗಿ ಕಾಣುವುದರಿಂದ ಡಾಕ್‌ನಲ್ಲಿ ದೊಡ್ಡ ಅಕ್ಷರವನ್ನೇ ಬಳಸುತ್ತೇವೆ. ಈಗ ನಮ್ಮೂರಲ್ಲಿ ರಜೆಯ ಸುದ್ದಿ ಬಂದರೆ, "ಶಾಲೆ ಸೈಟಲ್ಲಿ ಹಾಕಿದ್ದಾರಾ ನೋಡು" ಅನ್ನುತ್ತಾರೆ. ಈ ಮಾತು ಮೊದಲ ಸಲ ಕಿವಿಗೆ ಬಿದ್ದ ದಿನ ನನಗೆ ಆದ ಸಂತೋಷ ಹೇಳಲಾರೆ.

ಪ್ರಕಟಿಸುವ ವ್ಯವಸ್ಥೆ ಶಾಲೆಗೆ ಹೇಳಿ ಮಾಡಿಸಿದಂತಿದೆ. ಕರಡು ಬೇರೆ, ಹೊರಗೆ ಕಾಣುವುದು ಬೇರೆ. ಪಬ್ಲಿಷ್ ಒತ್ತಿದಾಗ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತದೆ. ನಾವು ಮೂವರು ಬರೆಯುತ್ತೇವೆ, ಮುಖ್ಯ ಶಿಕ್ಷಕರು ನೋಡಿದ ಮೇಲೆಯೇ ಪಬ್ಲಿಷ್. ತಪ್ಪಾದರೆ ವರ್ಷನ್ ಹಿಸ್ಟರಿಯಿಂದ ಹಿಂದಿನ ರೂಪಕ್ಕೆ ಹೋಗಬಹುದು.

ಆದರೆ ಇದರಲ್ಲೇ ಒಂದು ಎಚ್ಚರವೂ ಬೇಕು. ಒಬ್ಬ ತಾಯಿ ಬಂದು, "ಟೀಚರ್, ನನ್ನ ಮಗಳ ಫೋಟೋ ತೆಗೀರಿ" ಅಂದರು. ಕಾರಣ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಮ್ಮ ಸಹೋದ್ಯೋಗಿ ಅವತ್ತೇ ಪುಟದಿಂದ ತೆಗೆದರು. ಮತ್ತೆ ಪಬ್ಲಿಷ್ ಒತ್ತಲು ಮರೆತರು. ಎರಡು ದಿನ ಫೋಟೋ ಹೊರಗೆ ಕಾಣುತ್ತಲೇ ಇತ್ತು. ಆ ತಾಯಿಯ ಹತ್ತಿರ ಕ್ಷಮೆ ಕೇಳಿದೆವು. ಆಮೇಲೆ ನಿಯಮ ಮಾಡಿಕೊಂಡೆವು. ಮುಖ ಸ್ಪಷ್ಟವಾಗಿ ಕಾಣುವ ಫೋಟೋಗೆ ಮಗುವಿನ ಹೆಸರು ಹಾಕುವುದಿಲ್ಲ. ಪೋಷಕರು ಸಹಿ ಮಾಡಿದ ಒಪ್ಪಿಗೆ ಇಲ್ಲದೆ ಫೋಟೋವೇ ಇಲ್ಲ. ಹುಟ್ಟಿದ ದಿನಾಂಕ, ಎಸ್‌ಎಟಿಎಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಗುರುತಿನ ಸಂಖ್ಯೆ), ಅಂಕಪಟ್ಟಿ ಯಾವುದೂ ಸೈಟಿಗೆ ಹೋಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷ ತುಂಬದವರೆಲ್ಲ ಮಕ್ಕಳೇ. ಅವರ ವಿವರ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ ಅದು. ಕಾಯ್ದೆ ಇಲ್ಲದಿದ್ದರೂ ಇದು ನಾವು ಮಾಡಬೇಕಾದದ್ದೇ. ನಮ್ಮ ಸೈಟಿನಲ್ಲಿ ಈಗ ಮಕ್ಕಳ ಮುಖಕ್ಕಿಂತ ಮಕ್ಕಳ ಕೆಲಸ ಜಾಸ್ತಿ ಇದೆ. ಅವರು ಬಿಡಿಸಿದ ಚಿತ್ರ, ನಲಿ-ಕಲಿ ಕೋಣೆಯ ಗೋಡೆ, ಕೈತೋಟದ ಬಸಳೆ ಚಪ್ಪರ. ಪುಟ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ.

ಖಾತೆಯ ವಿಷಯ ಎಲ್ಲರಿಗೂ ಒತ್ತಿ ಹೇಳಬೇಕು. ನಾವು ಸೈಟ್ ಶುರು ಮಾಡಿದ್ದು ಒಬ್ಬ ಶಿಕ್ಷಕರ ಸ್ವಂತ ಜಿಮೇಲ್‌ನಲ್ಲಿ. ಮರುವರ್ಷ ಅವರಿಗೆ ವರ್ಗಾವಣೆ ಆಯಿತು. ಒಳ್ಳೆಯ ಮನುಷ್ಯ, ಕೂತು ಎಲ್ಲವನ್ನೂ ಶಾಲೆಯ ಹೊಸ ಖಾತೆಗೆ ಬದಲಿಸಿಕೊಟ್ಟರು. ಅವರ ಜಾಗದಲ್ಲಿ ಸಂಪರ್ಕಕ್ಕೇ ಸಿಗದವರು ಇದ್ದಿದ್ದರೆ? ಮೊದಲ ದಿನವೇ ಶಾಲೆಯ ಹೆಸರಿನಲ್ಲಿ ಖಾತೆ ತೆರೆಯಿರಿ. ಪಾಸ್‌ವರ್ಡ್ ಮರಳಿ ಪಡೆಯುವ ಫೋನ್ ನಂಬರ್ ಯಾರದು ಅಂತ ಬರೆದಿಡಿ. ನಾವು ಇದನ್ನು ಮುಖ್ಯ ಶಿಕ್ಷಕರ ಚಾರ್ಜ್ ಪಟ್ಟಿಗೇ ಸೇರಿಸಿದ್ದೇವೆ. ಬೀರುವಿನ ಕೀಲಿ ಕೊಡುವಾಗ ಇದನ್ನೂ ಕೊಡಬೇಕು. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅಳಿಸಬಹುದು ಅಂತ 2023ರಿಂದ ಗೂಗಲ್ ನಿಯಮ ಇದೆ, ಆದ್ದರಿಂದ ಆ ಖಾತೆಗೆ ಲಾಗಿನ್ ಆಗುತ್ತಲೇ ಇರಬೇಕು. ಉಚಿತ ಜಾಗ 15 ಜಿಬಿ, ಅದರಲ್ಲೇ ಮೇಲ್, ಡ್ರೈವ್, ಫೋಟೋಸ್ ಎಲ್ಲ. ವಿಡಿಯೋಗಳನ್ನು ಯೂಟ್ಯೂಬ್‌ಗೆ ಹಾಕಿ ಪುಟದಲ್ಲಿ ಜೋಡಿಸುತ್ತೇವೆ. ಚಿತ್ರಗಳ ಮೂಲ ಪ್ರತಿ ಒಂದು ಪೆನ್‌ಡ್ರೈವ್‌ನಲ್ಲೂ ಇದೆ. ಮೊದಲ ಸೈಟ್ ಕಳೆದುಕೊಂಡ ಮೇಲೆ ಕಲಿತದ್ದು ಅದು.

ವಿನ್ಯಾಸದಲ್ಲಿ ಸ್ವಾತಂತ್ರ್ಯ ಕಡಿಮೆ. ಇರುವ ಥೀಮ್‌ಗಳಲ್ಲೇ ಬಣ್ಣ, ಅಕ್ಷರ ಬದಲಿಸಿಕೊಳ್ಳಬೇಕು. ಪೂರ್ತಿ ಸೈಟಿನ ಕೋಡ್ ಮುಟ್ಟಲು ಆಗುವುದಿಲ್ಲ. ಶುಲ್ಕ ಕಟ್ಟಿಸಿಕೊಳ್ಳುವುದು, ಪೋಷಕರಿಗೆ ಬೇರೆ ಬೇರೆ ಲಾಗಿನ್ ಕೊಡುವುದು ಬೇಕಾದ ದೊಡ್ಡ ಶಾಲೆಗಳಿಗೆ ಇದು ಸಾಲದು. ಅಂಥವರು ಸೈಟ್ ಕಟ್ಟುವ ಇನ್ನೊಂದು ಸಾಧನವಾದ ವರ್ಡ್‌ಪ್ರೆಸ್ ಕಡೆ ನೋಡಬಹುದು, ಆದರೆ ಅದನ್ನು ಅಪ್‌ಡೇಟ್ ಮಾಡುತ್ತಾ ನೋಡಿಕೊಳ್ಳುವವರು ಒಬ್ಬರು ಬೇಕೇ ಬೇಕು.

ಅತಿ ಹೆಚ್ಚು ಜನ ತೆರೆಯುವ ಪುಟ ಯಾವುದು ಅಂತ ತಿಳಿಯಲು ಗೂಗಲ್ ಅನಾಲಿಟಿಕ್ಸ್ ಜೋಡಿಸಿದೆವು. ದಾಖಲಾತಿ ಪುಟ ಅಂತ ನಾನು ಅಂದುಕೊಂಡಿದ್ದೆ. ಆದರೆ ವ್ಯಾಸಂಗ ಪ್ರಮಾಣ ಪತ್ರದ ಪುಟ ಅದಕ್ಕಿಂತ ಮುಂದಿತ್ತು. ಯೋಚಿಸಿದರೆ ಸರಿಯೇ. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ. ಅದಕ್ಕೆ ಒಂದನೇ ತರಗತಿಯಿಂದ ಓದಿದ ದಾಖಲೆ ಬೇಕಾಗುತ್ತದೆ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಪಿಯುಸಿ ಓದುವ ಹುಡುಗರು ಅರ್ಜಿ ನಮೂನೆಗಾಗಿ ಬಸ್ ಹತ್ತಿ ಬರುತ್ತಿದ್ದರು. ಮುಖ್ಯ ಶಿಕ್ಷಕರು ಮೀಟಿಂಗ್‌ಗೆ ಹೋಗಿದ್ದರೆ ಮತ್ತೊಂದು ದಿನ ಬರಬೇಕಿತ್ತು. ಈಗ ಆ ಪುಟದಲ್ಲಿ ಯಾವ ವರ್ಷ ಬಿಟ್ಟಿರಿ, ದಾಖಲಾತಿ ಸಂಖ್ಯೆ ಗೊತ್ತಿದೆಯಾ, ಬಿಇಒ ಕಚೇರಿಯ ಮೇಲುರುಜು ಬೇಕಾ ಅಂತ ಕೇಳುವ ಫಾರ್ಮ್ ಇದೆ. ತುಂಬಿ ಕಳಿಸಿದರೆ ನಾವು ರಿಜಿಸ್ಟರ್ ನೋಡಿ ಸಿದ್ಧ ಮಾಡಿಟ್ಟು ಫೋನ್ ಮಾಡುತ್ತೇವೆ. ಒಂದೇ ಸಲ ಬಂದರೆ ಸಾಕು. ಫಾರ್ಮಿನ ಉತ್ತರಗಳು ಇರುವ ಶೀಟ್ ಮಾತ್ರ ಮುಖ್ಯ ಶಿಕ್ಷಕರಿಗೂ ನನಗೂ ಬಿಟ್ಟು ಬೇರೆ ಯಾರಿಗೂ ತೆರೆದಿಲ್ಲ.

ಗೂಗಲ್ ಸೈಟ್ಸ್‌ಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಫೋನಿನಲ್ಲಿ ತಿದ್ದಲು ಬಂದಿದ್ದರೆ ಐದೂ ಕೊಡುತ್ತಿದ್ದೆ.

ಈ ಜೂನ್‌ಗೆ ಮೊದಲು ದಾಖಲಾತಿ ಪುಟವನ್ನು ಹೊಸದಾಗಿ ಬರೆದೆವು. ಪಬ್ಲಿಷ್ ಮಾಡುವ ಮುಂಚೆ ಬಿಸಿಯೂಟದ ಅಕ್ಕನ ಹತ್ತಿರ ಓದಿಸಿದೆವು. ಅವರ ಮೊಮ್ಮಗಳು ಈ ವರ್ಷ ಒಂದನೇ ತರಗತಿ. "ದೃಢೀಕೃತ ನಕಲು ಅಂದ್ರೆ ಏನು ಟೀಚರ್?" ಅಂತ ಕೇಳಿದರು. ಅಲ್ಲಿ ಈಗ "ಜೆರಾಕ್ಸ್ ತನ್ನಿ, ಒರಿಜಿನಲ್ ತೋರಿಸಿ ವಾಪಸ್ ಒಯ್ಯಿರಿ" ಅಂತ ಇದೆ.