ಮೋನಿಯರ್ ವಿಲಿಯಮ್ಸ್ ನಿಘಂಟು: ‘ಬುಧ್’ ಇರುವ ಪುಟ ನೋಡಿ ಕೊಳ್ಳಿ

ಮೋನಿಯರ್ ವಿಲಿಯಮ್ಸ್ ಸಂಸ್ಕೃತ-ಇಂಗ್ಲಿಷ್ ನಿಘಂಟು ಕೊಳ್ಳಲೋ ಬೇಡವೋ ಅನ್ನುವವರು ಅಂಗಡಿಯಲ್ಲೇ 733ನೇ ಪುಟ ತೆಗೆದು ನೋಡಿ. ಅಲ್ಲಿ ‘ಬುಧ್’ ಧಾತು, ಅಂದರೆ ಕ್ರಿಯಾಪದದ ಮೂಲರೂಪ, ಇದೆ. ನಾನು ಈ ದಪ್ಪ ಪುಸ್ತಕಕ್ಕೆ ಮನಸೋತಿದ್ದು ಆ ಪುಟದಿಂದಲೇ.

ಬುದ್ಧಿ, ಬೋಧನೆ, ಪ್ರಬುದ್ಧ ಎಲ್ಲ ನಮ್ಮ ಬಾಯಲ್ಲಿ ದಿನಾ ಇರುವ ಪದಗಳು. ಹಾಗಾಗಿ ಬುಧ್ ಅಂದ್ರೆ ತಿಳಿಯುವುದು, ಅಷ್ಟೇ ಅಂದುಕೊಂಡಿದ್ದೆ. ಸಂಸ್ಕೃತ ಧಾತುಗಳ ಹಳೆಯ ಪಟ್ಟಿಯಾದ ಧಾತುಪಾಠದಲ್ಲೂ ‘ಬುಧ ಅವಗಮನೇ’ ಅಂತಲೇ ಇದೆ. ಅವಗಮನ ಅಂದರೆ ತಿಳಿಯುವುದೇ. ಆದರೆ ಈ ನಿಘಂಟು ಶುರು ಮಾಡುವುದು ನಿದ್ದೆಯಿಂದ. ಮೊದಲು ಎಚ್ಚರವಾಗುವುದು, ಮೂರ್ಛೆ ತಿಳಿದು ಏಳುವುದು, ಆಮೇಲೆ ಗಮನ ಕೊಡುವುದು, ಕಂಡುಕೊಳ್ಳುವುದು, ಅರ್ಥ ಮಾಡಿಕೊಳ್ಳುವುದು, ಹೀಗೆ ಒಂದರ ಹಿಂದೆ ಒಂದು ಬರುತ್ತದೆ. ಋಗ್ವೇದದಲ್ಲಿ ಅಗ್ನಿಯ ಒಂದು ಹೆಸರು ‘ಉಷರ್ಬುಧ್’, ನಸುಕಿನಲ್ಲೇ ಏಳುವವನು. ಕತ್ತಲಿರುವಾಗಲೇ ಎದ್ದು ಒಲೆ ಹೊತ್ತಿಸುವ ಮನೆಯಲ್ಲಿ ಬೆಳೆದವರಿಗೆ ಈ ಪದ ಬಿಡಿಸಿ ಹೇಳಬೇಕಾಗಿಲ್ಲ.

ಅರ್ಥಗಳ ಈ ಸಾಲು ನಮ್ಮ ‘ಎಚ್ಚರ’ದಲ್ಲೂ ಇದೆ, ಗಮನಿಸಿದ್ದೀರಾ? ರಾತ್ರಿ ಎಚ್ಚರ ಆಯ್ತು ಅನ್ನುತ್ತೇವೆ. ಬಿದ್ದವನಿಗೆ ಎಚ್ಚರ ತಪ್ಪಿತು ಅನ್ನುತ್ತೇವೆ. ರಸ್ತೆ ದಾಟುವಾಗ ಎಚ್ಚರ ಮಾರಾಯ ಅನ್ನುತ್ತೇವೆ. ರಷ್ಯನ್ನರು ಅಲಾರಂ ಗಡಿಯಾರಕ್ಕೆ ‘ಬುದೀಲ್ನಿಕ್’ ಅನ್ನುತ್ತಾರೆ, ಅದೂ ಇದೇ ಬೇರಿನ ಮಾತು. ನಮ್ಮ ಬುದ್ಧಿಗೂ ಅವರ ಅಲಾರಂಗೂ ನೆಂಟಸ್ತನ!

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಬೋಧಯತಿ’, ಅಂದರೆ ಬುಧ್‌ನ ‘ಮಾಡಿಸುವ’ ರೂಪ. ನಮ್ಮ ‘ಬೋಧಿಸು’ ಇದರದ್ದೇ ಕಡೆಯದು. ನಮ್ಮಲ್ಲಿ ಅದು ಪಾಠ ಹೇಳುವುದು, ಉಪದೇಶ ಮಾಡುವುದು ಅಷ್ಟಕ್ಕೇ ನಿಂತಿದೆ. ನಿಘಂಟಿನಲ್ಲಿ ಎಬ್ಬಿಸುವುದು, ನೆನಪಿಸುವುದು, ಕಲಿಸುವುದರ ಜೊತೆಗೆ ಹೂವನ್ನು ಅರಳಿಸುವುದು ಅಂತಲೂ ಇದೆ, ಸುಗಂಧದ್ರವ್ಯದ ಪರಿಮಳ ಮತ್ತೆ ಏಳುವಂತೆ ಮಾಡುವುದು ಅಂತಲೂ ಇದೆ. ಅದನ್ನು ಓದಿ ಪುಸ್ತಕ ಮಡಿಲಲ್ಲಿಟ್ಟುಕೊಂಡು ಸುಮ್ನೆ ಕೂತುಬಿಟ್ಟೆ. ಪಾಠ ಹೇಳುವವರೆಲ್ಲ ಒಮ್ಮೆ ಈ ಸಾಲು ಓದಬೇಕು.

‘ಉತ್ತಿಷ್ಠತ ಜಾಗ್ರತ’, ಏಳಿ, ಎಚ್ಚರಗೊಳ್ಳಿ ಅನ್ನುವ ಮಾತು ಎಲ್ಲರಿಗೂ ಗೊತ್ತು. ಕಠೋಪನಿಷತ್ತಿನಲ್ಲಿ ಅದರ ಮುಂದಿನ ಮಾತು ‘ಪ್ರಾಪ್ಯ ವರಾನ್ ನಿಬೋಧತ’, ಅಂದರೆ ದೊಡ್ಡವರ ಬಳಿ ಹೋಗಿ ತಿಳಿದುಕೊಳ್ಳಿ. ವಿವೇಕಾನಂದರ ಮಾತಾಗಿ ನಾವು ಕೇಳಿರುವ ‘ಗುರಿ ಮುಟ್ಟುವ ತನಕ ನಿಲ್ಲಬೇಡಿ’ ಅನ್ನುವ ಅರ್ಥ ಅದರಲ್ಲಿಲ್ಲ. ಏಳುವ ಕೆಲಸ ಅಲ್ಲಿ ಬೇರೆ ಧಾತುಗಳದ್ದು, ಬುಧ್ ಬರುವುದು ತಿಳಿಯುವ ಹೊತ್ತಿಗೆ. ಈ ವ್ಯತ್ಯಾಸ ನನಗೆ ಕಾಣಿಸಿದ್ದೂ ನಿಘಂಟಿನಿಂದಲೇ.

ಕಷ್ಟಗಳೂ ಇವೆ. ಈಗ ಸಿಗುವುದು 1899ರ ಆವೃತ್ತಿಯ ಮರುಮುದ್ರಣ. ಅಕ್ಷರ ಬಹಳ ಸಣ್ಣದು, ಗ್ರಂಥಗಳ ಹೆಸರೆಲ್ಲ ಮೊಟಕು, ಎಷ್ಟೋ ಪದಗಳು ಧಾತುವಿನ ಕೆಳಗೆ ಅಡಗಿರುತ್ತವೆ. ಮೊದಲ ವಾರ ಪುಸ್ತಕದ ಆರಂಭದ ಪುಟಗಳಲ್ಲಿರುವ ಸಂಕ್ಷೇಪಗಳ ಪಟ್ಟಿಯಲ್ಲಿ ಬೆರಳಿಟ್ಟುಕೊಂಡೇ ಓದಬೇಕು. ದುಡ್ಡು ಕೊಡುವ ಮೊದಲು ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಇದನ್ನೇ ಉಚಿತವಾಗಿ ಬಳಸಿ ನೋಡಿ. ಒಂದು ಪದದ ಅರ್ಥ ಬೇಗ ಬೇಕಾದರೆ ಅದೇ ಸಾಕು. ನನಗೆ ಮಾತ್ರ ಪುಸ್ತಕವೇ ಬೇಕು, ಯಾಕೆಂದರೆ ಬುಧ್ ಹುಡುಕಲು ಹೋದವಳಿಗೆ ಅಕ್ಕಪಕ್ಕದಲ್ಲೇ ಬುದ್ಧ, ಬುದ್ಧಿ, ನಮ್ಮ ಬುಧವಾರದ ಬುಧ ಎಲ್ಲರೂ ಒಟ್ಟಿಗೆ ಸಿಕ್ಕಿದರು.

ತಂದ ದಿನವೇ ಗಟ್ಟಿ ಬೈಂಡ್ ಹಾಕಿಸಿ. ನನ್ನ ಪ್ರತಿಯ ಹೊಲಿಗೆ ಒಂದೇ ವರ್ಷಕ್ಕೆ ಬಿಟ್ಟುಕೊಂಡಿತು.