ಬೇಕಲದ ಸ್ಪ್ಯಾನಿಷ್ ರೆಸ್ಟೋರೆಂಟ್: ಉದ್ದ ಮೇಜಿಗೆ ಪೂರ್ತಿ ಅಂಕ, ಫೋಟೋ ಗೋಡೆಗೆ ಸೊನ್ನೆ

ಬೇಕಲ ಕೋಟೆಯಿಂದ ಹೆಚ್ಚು ದೂರವಿಲ್ಲದ ಹಳೆಯ ಮುರಕಲ್ಲಿನ ಮನೆಯೊಂದು ಈಗ ಸ್ಪ್ಯಾನಿಷ್ ರೆಸ್ಟೋರೆಂಟ್ ಆಗಿದೆ. ಒಳಗಿನ ಕೆಲಸ ಇನ್ನೂ ಪೂರ್ತಿ ಮುಗಿದಿಲ್ಲ, ಹಾಗಾಗಿ ಹೆಸರು ಬೇಡ. ‘ಮನೆಮಂದಿ ಒಟ್ಟಿಗೆ ಕೂತು ಉಣ್ಣುವ ಜಾಗ’ ಎಂಬುದು ವಿನ್ಯಾಸದ ಆಶಯವಂತೆ. ಅಡುಗೆಯ ರುಚಿ ಬೇರೆಯವರು ಹೇಳಲಿ, ಇಲ್ಲಿ ಗೋಡೆ, ನೆಲ, ಮೇಜುಗಳ ಮಾತು ಮಾತ್ರ.

ನಡುಅಂಗಳವನ್ನು ಶೀಟು ಹಾಕಿ ಮುಚ್ಚದೆ ಉಳಿಸಿಕೊಂಡದ್ದು ದೊಡ್ಡ ಸಂಗತಿ. ದಕ್ಷಿಣ ಸ್ಪೇನಿನ ಆಂಡಲೂಸಿಯಾದ ಮನೆಗಳಲ್ಲೂ ಹೀಗೇ ತೆರೆದ ಪಾಟಿಯೋ ಇರುತ್ತದೆ. ಅಲ್ಲಿನ ಕೋರ್ಡೊಬಾ ನಗರದ ಪಾಟಿಯೋ ಹಬ್ಬ 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಅಲ್ಲಿ ಪಾಟಿಯೋ ಬಿಸಿಲಿಗೆ ಮದ್ದು, ನಮ್ಮಲ್ಲಿ ಆಟಿ ತಿಂಗಳ ಜಡಿಮಳೆಯನ್ನೂ ತಡೆದುಕೊಳ್ಳಬೇಕು. ಅಂಗಳ ಜಗಲಿಗಿಂತ ಒಂದು ಮೆಟ್ಟಿಲು ತಗ್ಗಿದೆ, ಹಂಚಿನ ಅಂಚಿಗೆ ಮಳೆನೀರು ಹರಿಯುವ ದಂಬೆ ಇದೆ. ಗೋಡೆಯ ನೀಲಿ ಕುಂಡಗಳಲ್ಲಿ ಕೋರ್ಡೊಬಾದ ಜೆರೇನಿಯಂ ಬದಲು ಜರೀಗಿಡ ನೆಟ್ಟದ್ದೂ ಬುದ್ಧಿವಂತಿಕೆ. ಜೆರೇನಿಯಂ ನಮ್ಮ ಮಳೆಗಾಲಕ್ಕೆ ಬುಡ ಕೊಳೆತು ಸಾಯುತ್ತದೆ.

ಈ ಜಾಗದ ಜೀವ ಇರುವುದು ಹನ್ನೆರಡು ಜನ ಕೂರುವ ಹಲಸಿನ ಮೇಜಿನಲ್ಲಿ. ತಲಾ 60 ಸೆಂ.ಮೀ. ಜಾಗ, ಅಗಲ 90 ಸೆಂ.ಮೀ. ಪಯೇಯಾ ಅಂದರೆ ಅಗಲ ಬಾಣಲೆಯಲ್ಲೇ ಬೇಯಿಸಿ, ಎಲ್ಲರೂ ಹಂಚಿಕೊಂಡು ಉಣ್ಣುವ ಸ್ಪೇನಿನ ಅನ್ನದ ಅಡುಗೆ. ನಡುವೆ ಅದರ 40 ಸೆಂ.ಮೀ.ನ ಬಾಣಲೆ ಇಟ್ಟರೂ ಎರಡೂ ಬದಿಗೆ 25 ಸೆಂ.ಮೀ. ಉಳಿಯುತ್ತದೆ, ತಟ್ಟೆ ಆರಾಮವಾಗಿ ಕೂರುತ್ತದೆ. ಗೋಡೆ ಬದಿಯ ಮೇಜುಗಳ ಅಗಲ 75 ಮಾತ್ರ. ಅಲ್ಲಿ ಉಳಿಯುವುದು ಹದಿನೇಳು ಚಿಲ್ಲರೆ. ತಟ್ಟೆಯ ಅಂಚು ಮೇಜಿನಿಂದ ಹೊರಗೆ. ಕೊನೆಗೆ ಬಾಣಲೆಯನ್ನು ಪಕ್ಕದ ಸ್ಟ್ಯಾಂಡಿನಲ್ಲಿಟ್ಟು ಸಪ್ಲೈಯರ್ ಬಡಿಸುತ್ತಾರೆ. ಒಂದೇ ಬಾಣಲೆಗೆ ಎಲ್ಲರೂ ಕೈಹಾಕುವ ಆಶಯ ಅಲ್ಲಿಗೆ ಮುಗಿಯಿತು. ಆಂಡಲೂಸಿಯಾದ ಕುರ್ಚಿಗಳ ಆಪು ಹುಲ್ಲಿನ ಹೆಣಿಗೆ ಇಲ್ಲಿ ಬೂಷ್ಟು ಹಿಡಿಯುತ್ತದೆಂದು ಬೆತ್ತ ಹೆಣೆಸಿದ್ದಾರೆ, ಸರಿ. ಆದರೆ ಒಂದಕ್ಕೂ ಕೈ ಇಲ್ಲ. ಮಂಡಿನೋವಿನ ಅಜ್ಜಿಯಂದಿರು ಏನನ್ನು ಹಿಡಿದು ಏಳಬೇಕು?

ನೆಲಕ್ಕೆ ತಮಿಳುನಾಡಿನ ಚೆಟ್ಟಿನಾಡಿನ ಆತ್ತಂಗುಡಿ ಟೈಲ್ಸ್. ಗಾಜಿನ ಮೇಲೆ ಬಣ್ಣದ ಸಿಮೆಂಟು ಹುಯ್ದು ಮಾಡುವ, ಸುಡದ ಬಿಲ್ಲೆ. ಬಾರ್ಸಿಲೋನಾದ ಹಳೆಯ ಮನೆಗಳ ಚಿತ್ತಾರದ ನೆಲವೂ ಸುಡದ ಸಿಮೆಂಟು ಬಿಲ್ಲೆಯದೇ, ಹಾಗಾಗಿ ಆಯ್ಕೆ ಒಪ್ಪುವಂಥದು. ಎಡವಟ್ಟಾದದ್ದು ಕಲೆ ಇಳಿಯದಂತೆ ತಡೆಯುವ ಸೀಲರ್ ಹೊಡೆಯದೆ ಬಾಗಿಲು ತೆರೆದದ್ದರಲ್ಲಿ. ಉದ್ದ ಮೇಜಿನ ಕೆಳಗೆ ಬಗ್ಗಿ ನೋಡಿದರೆ ಆಲಿವ್ ಎಣ್ಣೆಯ ಕಪ್ಪು ಮಚ್ಚೆ, ಅದರ ಪಕ್ಕದಲ್ಲೇ ನಿಂಬೆರಸ ಬಿದ್ದು ಬಣ್ಣ ಸತ್ತ ಬಿಳಿ ಕಲೆ. ಹುಳಿ ಸಿಮೆಂಟನ್ನು ತಿನ್ನುತ್ತದೆ. ಉಜ್ಜಿ ತೆಗೆಯುವ ಕಲೆಯಲ್ಲ ಅದು, ಪಾಲಿಶ್ ಯಂತ್ರವೇ ಬೇಕು. ಹಾಸಿದ ಮೇಲೆ ನೆಲದ ಪಸೆ ಪೂರ್ತಿ ಆರಲು ಬಿಟ್ಟು, ಒಳಗೆ ಇಳಿಯುವ ಸೀಲರ್ ಎರಡು ಕೋಟ್ ಕೊಡಬೇಕಿತ್ತು. ಇನ್ನಾದರೂ ಒರೆಸುವ ನೀರಿಗೆ ಆಸಿಡ್ ಹಾಕುವುದನ್ನು ನಿಲ್ಲಿಸಲಿ. ತೆರೆದ ಅಡುಗೆಮನೆಯ ಗೋಡೆಗೆ ಮಾತ್ರ ಸ್ಪೇನಿನ ಅಸುಲೇಹೊ ಮಾದರಿಯ ಹೊಳಪಿನ ಬಿಲ್ಲೆ ಹಾಕಿದ್ದಾರೆ, ಜಿಡ್ಡು ಒಂದೇ ಒರೆಸಿಗೆ ಹೋಗುತ್ತದೆ.

ಫೋಟೋ ಗೋಡೆಯನ್ನು ಕಂಡಾಗ ಬೇಸರವಾಗುತ್ತದೆ. ಯಾರದೋ ಮನೆತನದ ಕಂದು ಬಣ್ಣದ ಚಿತ್ರಗಳು. ಹತ್ತಿರ ಹೋದರೆ ಪ್ರಿಂಟಿನ ಚುಕ್ಕಿಗಳು ಕಾಣುತ್ತವೆ. ಮನೆ ಮಾರಿದವರನ್ನು ಕೇಳಿದ್ದರೆ ಅವರ ಅಜ್ಜ, ಅಜ್ಜಿಯರ ನಾಲ್ಕು ಪಟವಾದರೂ ಸಿಗುತ್ತಿರಲಿಲ್ಲವೇ? ಸಾಲದ್ದಕ್ಕೆ ಪಡುವಣ ಗೋಡೆಗೆ ಒತ್ತಿ ಮೊಳೆ ಹೊಡೆದಿದ್ದಾರೆ. ಮುರಕಲ್ಲು ಮಳೆನೀರು ಹೀರುತ್ತದೆ, ಮೇಲಿನ ಪ್ಲಾಸ್ಟಿಕ್ ಪೇಂಟು ಅದನ್ನು ಹೊರಬಿಡುವುದಿಲ್ಲ; ಈಗಾಗಲೇ ಗುಳ್ಳೆ ಎದ್ದಿದೆ, ಎರಡು ಗಾಜಿನೊಳಗೆ ಬೂಷ್ಟು. ಸುಣ್ಣ ಬಳಿದು, ಚೌಕಟ್ಟಿನ ಹಿಂದೆ ಒಂದು ಸೆಂ.ಮೀ. ದಪ್ಪದ ಕಾರ್ಕ್ ತುಂಡು ಅಂಟಿಸಿದರೆ ಗಾಳಿಯಾಡುತ್ತದೆ.

ಸದ್ದಿನ ಕಡೆ ಯಾರೂ ಗಮನ ಕೊಟ್ಟಿಲ್ಲ. ಹಳೆಯ ಮರದ ಮುಚ್ಚಿಗೆ ಕಿತ್ತು ನುಣ್ಣನೆಯ ಜಿಪ್ಸಮ್ ಹಾಕಿದ್ದಾರೆ, ಕೆಳಗೆ ಟೈಲ್ಸ್. ಎರಡು ಸಂಸಾರ ಸೇರಿದರೆ ಎದುರಿನವರ ಮಾತು ಕೇಳಿಸದು. ಉದ್ದ ಮೇಜಿನ ಮೇಲ್ಭಾಗಕ್ಕೆ ಬಟ್ಟೆ ಹೊದಿಸಿದ 5 ಸೆಂ.ಮೀ. ದಪ್ಪದ, ಸದ್ದು ಹೀರುವ ರಾಕ್‌ವುಲ್ (ಕಲ್ಲಿನ ನಾರು) ಹಲಗೆ ತೂಗಿಸಿ, ಕುರ್ಚಿ ಕಾಲಿಗೆ ಫೆಲ್ಟ್ ಅಂಟಿಸಿದರೆ ಗದ್ದಲ ಇಳಿಯುತ್ತದೆ. ದೀಪಗಳು ಚೆನ್ನಾಗಿವೆ: 2700 ಕೆಲ್ವಿನ್‌ನ ಹಳದಿ ಬೆಳಕು, ಮೇಜಿನಿಂದ 75 ಸೆಂ.ಮೀ. ಎತ್ತರದಲ್ಲಿ, ಕಣ್ಣಿಗೆ ಕುಕ್ಕುವುದಿಲ್ಲ. ಕೈ ತೊಳೆಯುವಲ್ಲಿ ಮಕ್ಕಳಿಗೆ ಎಟಕುವ ಒಂದು ಬೇಸಿನ್ ಕೂಡ ಇಲ್ಲ, ಅದೂ ಮನೆಮಂದಿಗೆಂದೇ ಕಟ್ಟಿದ ಹೋಟೆಲಿನಲ್ಲಿ!

ಹೋಗುವವರು ಮೊದಲೇ ಫೋನು ಮಾಡಿ ಉದ್ದ ಮೇಜನ್ನೇ ಕೇಳಿ. ಇಬ್ಬರೇ ಇದ್ದರೆ ಜಗಲಿಯ ಬದಿ ಕೂತು ಸಣ್ಣ ತಟ್ಟೆಯ ತಪಾಸ್ ತರಿಸಿಕೊಳ್ಳಿ; ಗೋಡೆ ಬದಿಯ ಮೇಜಿಗೆ ಪಯೇಯಾ ಹೇಳಬೇಡಿ.